ಅಂಗಡಿಯ ಕಂಪ್ಯೂಟರಿಗೆ ಯಾವ ವ್ಯವಸ್ಥೆ?

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರ ಮೇಜಿನ ಮೇಲೆ, ಬೇಲೂರಿನ ದೇವಸ್ಥಾನದ ಬೀದಿಯ ವಸತಿಗೃಹಗಳಲ್ಲಿ, ಹಳೇಬೀಡಿನ ಜೆರಾಕ್ಸ್ ಅಂಗಡಿಗಳಲ್ಲಿ ಇಂದು ಒಂದೊಂದು ಕಂಪ್ಯೂಟರ್ ಕುಳಿತಿದೆ. ಎಷ್ಟೋ ಹೊಸವಲ್ಲ. ಎಂಟು ಹತ್ತು ವರ್ಷಗಳ ಕೆಳಗೆ ಕೊಂಡವು. ಧೂಳು ತಿಂದು, ಕರೆಂಟಿನ ಆಟವನ್ನೆಲ್ಲ ಸಹಿಸಿ, ಈಗಲೂ ಕೆಲಸ ಮಾಡುತ್ತಿವೆ. ೨೦೨೫ರ ಅಕ್ಟೋಬರ್ ೧೪ರಂದು ಇಂಥ ಯಂತ್ರಗಳಿಗೆ ಒಂದು ವಿಚಿತ್ರವಾದ ವೃದ್ಧಾಪ್ಯ ಬಂದಿತು. ಯಂತ್ರ ಕೆಡಲಿಲ್ಲ, ಪರದೆ ಮಂಕಾಗಲಿಲ್ಲ. ಅವುಗಳೊಳಗಿನ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಇನ್ನು ಮೇಲೆ ವಾಡಿಕೆಯಂತೆ ರಕ್ಷಣೆಯ ತೇಪೆಗಳನ್ನು ಕಳುಹಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿ ಗೊತ್ತುಮಾಡಿದ್ದ ದಿನ ಅದು. ಮುಂದಿನದಾದ ವಿಂಡೋಸ್ ೧೧ ಹಾಕಿಕೊಳ್ಳೋಣವೆಂದರೆ, ಅದಕ್ಕೆ ಟಿಪಿಎಂ ಎಂಬ ರಕ್ಷಣೆಯ ಚಿಪ್ಪೂ, ಸುಮಾರು ೨೦೧೮ರಿಂದ ಈಚೆಗೆ ಬಂದ ಪ್ರೊಸೆಸರೂ ಬೇಕು. ರಿಪೇರಿಯವರನ್ನು ಕೇಳಿದರೆ ಒಂದೇ ಉತ್ತರ: "ಹೊಸ ಮಿಷನ್ನೇ ತಗೊಂಡ್‌ಬಿಡಿ ಸಾರ್."

ಮೂವತ್ತು ನಲವತ್ತು ಸಾವಿರ ರೂಪಾಯಿ ಒಬ್ಬ ಸಣ್ಣ ವ್ಯಾಪಾರಿಗೆ ಹಗುರವಾದ ಮಾತಲ್ಲ. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ವಿಂಡೋಸೇ ಏಕೆ? ಬೇರೆ ವ್ಯವಸ್ಥೆಗಳಿಲ್ಲವೆ? ಇದ್ದರೆ ಅವು ವೈರಸ್ಸಿನಿಂದ ಎಷ್ಟು ಸುರಕ್ಷಿತ, ನಂಬಿ ಕೆಲಸ ಮಾಡಬಹುದೆ, ಖರ್ಚು ಎಷ್ಟು? ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಮೊದಲು ಈ 'ವ್ಯವಸ್ಥೆ' ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನವರು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಹೊಯ್ಸಳರ ಗುಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬೇಲೂರಿನಲ್ಲಾಗಲಿ ಹಳೇಬೀಡಿನಲ್ಲಾಗಲಿ ಕಣ್ಣು ಹೋಗುವುದು ಮದನಿಕೆಯರ ಕಡೆಗೆ, ಆನೆ ಕುದುರೆಗಳ ಸಾಲುಗಳ ಕಡೆಗೆ. ಆದರೆ ಇಡೀ ಗುಡಿ ನಿಂತಿರುವುದು ನಕ್ಷತ್ರಾಕಾರದ ಜಗತಿಯ ಮೇಲೆ. ಗೋಡೆ ಎಲ್ಲಿ ತಿರುಗಬೇಕು, ಪ್ರದಕ್ಷಿಣೆಯ ಹಾದಿ ಎಲ್ಲಿ, ಮೆಟ್ಟಿಲು ಎಲ್ಲಿ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗಿದೆ. ಕಂಪ್ಯೂಟರಿನಲ್ಲಿ ನಾವು ನೋಡುವ ಲೆಕ್ಕದ ಪುಸ್ತಕ, ಪತ್ರ, ಚಿತ್ರ ಎಲ್ಲವೂ ಮೇಲಿನ ಕೆತ್ತನೆ. ಯಾವ ಕಾರ್ಯಕ್ರಮ ಎಷ್ಟು ಜಾಗ ತೆಗೆದುಕೊಳ್ಳಬೇಕು, ಯಾರು ಯಾವ ಕಡತವನ್ನು ಮುಟ್ಟಬಹುದು, ಪೆನ್ ಡ್ರೈವ್ ಚುಚ್ಚಿದಾಗ ಏನಾಗಬೇಕು ಎಂದು ನಿರ್ಧರಿಸುವ ಅಡಿಪಾಯವೇ ಈ ವ್ಯವಸ್ಥೆ. ಸಾಮಾನ್ಯವಾಗಿ ನಮ್ಮ ಮುಂದಿರುವವು ಮೂರು: ಮೈಕ್ರೋಸಾಫ್ಟಿನ ವಿಂಡೋಸ್, ಆಪಲ್ ಕಂಪನಿಯ ಮ್ಯಾಕ್, ಮತ್ತು ಯಾರೊಬ್ಬರ ಸ್ವತ್ತೂ ಅಲ್ಲದ ಲಿನಕ್ಸ್. ಮ್ಯಾಕ್ ಆಪಲ್ ಕಂಪನಿಯ ಯಂತ್ರದ ಜೊತೆಗೇ ಬರತಕ್ಕದ್ದು. ಆ ಯಂತ್ರದ ಬೆಲೆಯನ್ನು ಕೇಳಿದ ಮೇಲೆ ನಮ್ಮ ಮಂಡಿಯವರು ಎರಡನೆಯ ಪ್ರಶ್ನೆ ಕೇಳಲಾರರು. ಆದ್ದರಿಂದ ಅದನ್ನು ಅಲ್ಲಲ್ಲಿ ಪ್ರಸ್ತಾಪಿಸಿ, ಮುಖ್ಯವಾಗಿ ಉಳಿದೆರಡನ್ನು ತೂಗಿ ನೋಡೋಣ.

ವೈರಸ್ಸಿನ ಸಂಗತಿ ತುಸು ವಿಸ್ತಾರವಾಗಿಯೇ ಹೇಳಬೇಕಾದದ್ದು.

ಪಿ.ಸಿ. ಎಂದು ನಾವು ಕರೆಯುವ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ ೧೯೮೬ರಲ್ಲಿ ಲಾಹೋರಿನಲ್ಲಿ ಹುಟ್ಟಿತು. ಅದರ ಹೆಸರು 'ಬ್ರೇನ್'. ಅಲ್ಲಿಯ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿ ತಟ್ಟೆಗಳ ಮೂಲಕ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋಯಿತು. ಫ್ಲಾಪಿಗಳು ಹೋದವು, ಪೆನ್ ಡ್ರೈವ್‌ಗಳು ಬಂದವು, ಹರಡುವ ರೀತಿ ಮಾತ್ರ ಹಾಗೆಯೇ ಉಳಿಯಿತು. ನಮ್ಮ ಊರುಗಳಲ್ಲಿ ಇದರ ಸಂತೆ ಎಂದರೆ ಜೆರಾಕ್ಸ್ ಅಂಗಡಿ. ಪರೀಕ್ಷೆಯ ಅರ್ಜಿ, ಆಧಾರ್ ಪ್ರತಿ, ಮದುವೆಯ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಪೆನ್ ಡ್ರೈವಿನಲ್ಲಿ ಬಂದು ಒಂದೇ ಯಂತ್ರದ ಬಾಯಿಗೆ ಬೀಳುತ್ತವೆ. ಬೆಳಿಗ್ಗೆ ಬಂದ ಒಬ್ಬರ ರೋಗ ಸಂಜೆಯೊಳಗೆ ಅಲ್ಲಿಗೆ ಬಂದವರ ಮನೆಗಳಿಗೆಲ್ಲ ಹೋಗುತ್ತದೆ. 'ಶಾರ್ಟ್‌ಕಟ್ ವೈರಸ್' ಎಂದು ಅಂಗಡಿಯವರೇ ಹೆಸರಿಟ್ಟು ಕರೆಯುವ ಜಾತಿಯೊಂದಿದೆ. ಅದು ನಿಮ್ಮ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಸುಳ್ಳು ಗುರುತುಗಳನ್ನು ಅವುಗಳ ಜಾಗದಲ್ಲಿ ಇಡುತ್ತದೆ. ನಮ್ಮದೇ ಕಡತವೆಂದು ನಂಬಿ ಅದನ್ನು ಒತ್ತಿದೊಡನೆ, ಒತ್ತಿದ ಬೆರಳೇ ಅದನ್ನು ಮನೆಯೊಳಗೆ ಬಿಟ್ಟಂತಾಗುತ್ತದೆ.

ವಿಂಡೋಸಿಗೆ ಈ ಕಾಟ ಹೆಚ್ಚಾದದ್ದೇಕೆ? ಎರಡು ಕಾರಣಗಳುಂಟು. ಮೊದಲನೆಯದು ಹಳೆಯ ಅಭ್ಯಾಸ. ತೊಂಬತ್ತರ ದಶಕದ ವಿಂಡೋಸ್ ೯೫, ೯೮ ಇವೆಲ್ಲ ಒಬ್ಬನೇ ಕುಳಿತು ಬಳಸುವ ಯಂತ್ರಕ್ಕೆಂದು ರಚಿತವಾದವು. ಯಾರು ಕುಳಿತರೂ ಅವರೇ ಯಜಮಾನರು. ಯಾವ ಕಡತವನ್ನಾದರೂ ತಿದ್ದಬಹುದು, ಅಳಿಸಬಹುದು. ಯಜಮಾನನ ಹೆಸರಿನಲ್ಲಿ ಬಂದ ವೈರಸ್ಸಿಗೂ ಅದೇ ಅಧಿಕಾರ. ಪೆನ್ ಡ್ರೈವ್ ಚುಚ್ಚಿದೊಡನೆ ಅದರಲ್ಲಿದ್ದುದು ತಾನಾಗಿ ನಡೆಯುವಂತೆ ಮಾಡಿದ್ದ ಸೌಲಭ್ಯವೂ ಸೇರಿಕೊಂಡು, ೨೦೦೮ರಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಎಂಬ ಹುಳು ಲಕ್ಷಗಟ್ಟಲೆ ಯಂತ್ರಗಳನ್ನು ಹಿಡಿಯಿತು. ಮೈಕ್ರೋಸಾಫ್ಟ್ ೨೦೧೧ರಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ಆ ಸೌಲಭ್ಯವನ್ನು ಕಡಿತಗೊಳಿಸಿತು.

ಎರಡನೆಯ ಕಾರಣವನ್ನು ಅರಸೀಕೆರೆಯ ತೆಂಗಿನ ತೋಟದವರಿಗೆ ಹೇಳಬೇಕಾದ್ದೇ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೇರಳದ ಕಡೆಯಿಂದ ನುಸಿ ಪೀಡೆ ಬಂದಾಗ ಕಣ್ಣು ಹಾಯಿಸಿದಷ್ಟು ದೂರವೂ ತೆಂಗೇ ಇದ್ದ ಸೀಮೆ ಅದನ್ನು ಹೇಗೆ ಅನುಭವಿಸಿತೆಂಬುದು ಅವರಿಗೆ ಗೊತ್ತು. ಒಂದೇ ಬೆಳೆ ಇದ್ದಲ್ಲಿ ಒಂದೇ ಹುಳುವಿಗೆ ಹಬ್ಬ. ರಾಗಿಯ ಹೊಲದಲ್ಲಿ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರ ಲೆಕ್ಕಾಚಾರ ಬೇರೆಯಾಗಿತ್ತು. ಪ್ರಪಂಚದ ಮೇಜಿನ ಕಂಪ್ಯೂಟರುಗಳಲ್ಲಿ ಬಹುಪಾಲು ವಿಂಡೋಸ್ ಆಗಿರುವಾಗ ವೈರಸ್ ಬರೆಯುವವನು ಇನ್ನಾವುದಕ್ಕೆ ಬರೆದಾನು?

೨೦೧೭ರ ಮೇ ೧೨ರಂದು 'ವಾನಾಕ್ರೈ' ಎಂಬ ಹಾವಳಿ ಇದನ್ನು ಜಗತ್ತಿಗೇ ತೋರಿಸಿತು. ಸುಮಾರು ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ವಿಂಡೋಸ್ ಯಂತ್ರಗಳಲ್ಲಿ ಕಡತಗಳಿಗೆಲ್ಲ ಬೀಗ ಹಾಕಿ, ಮುನ್ನೂರು ಡಾಲರ್ ಕೊಟ್ಟರೆ ತೆಗೆಯುವೆನೆಂದು ಅದು ಪರದೆಯ ಮೇಲೆ ಬರೆಯಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ನಮ್ಮ ನೆರೆಯ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಗಮನಿಸಬೇಕಾದದ್ದು ಏನೆಂದರೆ, ಈ ಕನ್ನವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲಿಯೇ ಕೊಟ್ಟಿತ್ತು. ಸಿಕ್ಕಿಬಿದ್ದವರು ಮುಖ್ಯವಾಗಿ ಅದನ್ನು ಹಾಕಿಕೊಳ್ಳದವರು, ಅಥವಾ ಅವಧಿ ಮುಗಿದ ವ್ಯವಸ್ಥೆಯನ್ನು ಹಿಡಿದು ಕುಳಿತವರು. ವಿಂಡೋಸ್ ೧೦ರ ಅವಧಿ ಮುಗಿದ ಸಂಗತಿಯನ್ನು ನಾನು ಮೊದಲಿಗೇ ಎತ್ತಿಕೊಂಡದ್ದು ಇದಕ್ಕಾಗಿಯೇ. ತೇಪೆ ನಿಂತ ಯಂತ್ರ ಇಂದು ಕೆಡುವುದಿಲ್ಲ, ನಾಳೆಯೂ ಕೆಡಲಿಕ್ಕಿಲ್ಲ. ಆದರೆ ಇನ್ನು ಮೇಲೆ ಪತ್ತೆಯಾಗುವ ಒಂದೊಂದು ಕನ್ನವೂ ಅದರಲ್ಲಿ ಹಾಗೆಯೇ ತೆರೆದಿರುತ್ತದೆ.

ಲಿನಕ್ಸಿನ ರಚನೆ ಬೇರೆ. ಅದರ ಮೂಲಪುರುಷ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್. ಒಂದು ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲವಾದ್ದರಿಂದ, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಂತೆ ಗೋಡೆಗಳನ್ನು ಮೊದಲೇ ಕಟ್ಟಿದ್ದರು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ ತನ್ನ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ರಿಚರ್ಡ್ ಸ್ಟಾಲ್ಮನ್ನರು ೧೯೮೩ರಿಂದ ನಡೆಸಿಕೊಂಡು ಬಂದಿದ್ದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಕೂಡಿಕೊಂಡವು. ಇದರಲ್ಲಿ ದಿನನಿತ್ಯದ ಬಳಕೆದಾರನಿಗೆ ಇಡೀ ಮನೆಯ ಬೀಗದ ಕೈಯಿಲ್ಲ. ವ್ಯವಸ್ಥೆಯನ್ನು ಬದಲಾಯಿಸಬೇಕಾದರೆ ಪ್ರತಿ ಬಾರಿಯೂ ಗುಪ್ತಪದ ಕೊಡಬೇಕು. ಹೊಸ ಕಾರ್ಯಕ್ರಮ ಬೇಕೆಂದರೆ ಎಲ್ಲಿಂದಲೋ ಇಳಿಸಿಕೊಳ್ಳುವ ಬದಲು, ಪರಿಶೀಲಿಸಿ ಸಹಿ ಹಾಕಿಟ್ಟ ಒಂದೇ ಉಗ್ರಾಣದಿಂದ ತರುವುದು ಅಲ್ಲಿಯ ಪದ್ಧತಿ. ವಿಂಡೋಸಿಗೆಂದು ಬರೆದ ಶಾರ್ಟ್‌ಕಟ್ ವೈರಸ್ ಲಿನಕ್ಸಿನ ಮುಂದೆ ಪರಭಾಷೆಯಲ್ಲಿ ಬೈದ ಹಾಗೆ: ಕಡತ ಕಾಣುತ್ತದೆ, ಏನೂ ನಡೆಯುವುದಿಲ್ಲ.

ಹಾಗೆಂದು ಲಿನಕ್ಸಿಗೆ ರೋಗವೇ ಬರುವುದಿಲ್ಲವೆಂಬ ಮಾತನ್ನು ನಂಬಬೇಡಿ. ಯೂನಿಕ್ಸ್ ಯಂತ್ರಗಳನ್ನೇ ಹಿಡಿದ ಮಾರಿಸ್ ಹುಳು ೧೯೮೮ರ ನವೆಂಬರಿನಲ್ಲಿ ಅಂದಿನ ಪುಟ್ಟ ಇಂಟರ್ನೆಟ್ಟನ್ನು ಸ್ತಬ್ಧಗೊಳಿಸಿತ್ತು. ಮ್ಯಾಕ್‌ಗೆ ವೈರಸ್ ಬರುವುದಿಲ್ಲವೆಂದು ಹೇಳುತ್ತಿದ್ದವರ ಬಾಯಿಯನ್ನು ೨೦೧೨ರಲ್ಲಿ 'ಫ್ಲಾಶ್‌ಬ್ಯಾಕ್' ಎಂಬುದು ಸುಮಾರು ಆರು ಲಕ್ಷ ಯಂತ್ರಗಳನ್ನು ಹಿಡಿದು ಮುಚ್ಚಿಸಿತು. ೨೦೨೪ರ ಮಾರ್ಚಿಯಲ್ಲಿ, ಲಿನಕ್ಸಿನಲ್ಲಿ ಎಲ್ಲೆಲ್ಲೂ ಬಳಕೆಯಾಗುವ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದೊಳಗೆ ಯಾರೋ ಎರಡು ವರ್ಷ ಸ್ನೇಹಿತನ ವೇಷದಲ್ಲಿ ಕೆಲಸ ಮಾಡಿ ಗುಪ್ತದ್ವಾರವೊಂದನ್ನು ಇಟ್ಟದ್ದು ಬೆಳಕಿಗೆ ಬಂದಿತು. ತನ್ನ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲಾ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೆನ್ನು ಹತ್ತಿ ಹೋದದ್ದರಿಂದ ಅದು ಸಿಕ್ಕಿತು. ಮೂಲ ಬರವಣಿಗೆ ಎಲ್ಲರ ಕಣ್ಣಿಗೂ ತೆರೆದಿದ್ದುದರಿಂದಲೇ ಅದನ್ನು ಹಿಡಿಯಲು ಸಾಧ್ಯವಾಯಿತು, ನಿಜ. ತೆರೆದಿದ್ದುದರಿಂದಲೇ ಅವನು ಒಳಗೆ ಬಂದದ್ದೂ ಅಷ್ಟೇ ನಿಜ.

ಇನ್ನೊಂದು ವಿಷಯ. ನಮ್ಮ ಅಂಗಡಿಗಳ ಮೂಲೆಯಲ್ಲಿ ಸಿಸಿಟಿವಿಯ ಪೆಟ್ಟಿಗೆ ಇದೆಯಲ್ಲ, ಇಂಥ ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ಇರುವುದು ಲಿನಕ್ಸೇ. ೨೦೧೬ರಲ್ಲಿ 'ಮಿರಾಯ್' ಎಂಬುದು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಹೇಗೆ? ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಕೊಂಡವರು ಬದಲಾಯಿಸಿರಲಿಲ್ಲ, ಅಷ್ಟೇ. ಬಾಗಿಲು ತೇಗದ್ದಾದರೇನು, ಕೀಲಿಕೈ ಹೊಸ್ತಿಲ ಮೇಲೇ ಇದ್ದರೆ?

ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಈಚಿನ ವರ್ಷಗಳಲ್ಲಿ ವಾಟ್ಸಾಪಿನಲ್ಲಿ ಲಗ್ನಪತ್ರಿಕೆಯ ಹೆಸರಿನಲ್ಲಿ ಎಪಿಕೆ ಕಡತಗಳು ಬರುತ್ತಿರುವುದನ್ನು ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿ ಹೇಳುತ್ತಿದ್ದಾರೆ. ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ಬ್ಯಾಂಕಿನ ಒಟಿಪಿ ಪರರ ಪಾಲು. ಮನೆಯವರೇ ಕದ ತೆರೆದು ಕರೆದರೆ ಯಾವ ವ್ಯವಸ್ಥೆ ಏನು ಮಾಡೀತು? ಆದರೂ ತೂಗಿ ನೋಡಿದಾಗ, ದಿನಕ್ಕೆ ಐವತ್ತು ಪೆನ್ ಡ್ರೈವ್ ನುಂಗುವ ಜೆರಾಕ್ಸ್ ಅಂಗಡಿಯ ಯಂತ್ರಕ್ಕೆ ಲಿನಕ್ಸೇ ಮೇಲೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬೇಲೂರು ಹಳೇಬೀಡುಗಳ ವಸತಿಗೃಹಗಳವರಿಗೆ ಇದು ಇನ್ನೂ ಹತ್ತಿರದ ಮಾತು. ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಈ ಎರಡು ಊರುಗಳ ದೇವಾಲಯಗಳನ್ನೂ ಸೋಮನಾಥಪುರವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದೇಶೀಯರು ಬಂದು ಇಳಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರಗಳ ನಮೂನೆಯನ್ನು ಇಂಟರ್ನೆಟ್ಟಿನ ಮೂಲಕ ಸರಕಾರಕ್ಕೆ ಕಳುಹಿಸಬೇಕು. ಅದಕ್ಕಾಗಿ ಪಾಸ್‌ಪೋರ್ಟ್, ವೀಸಾಗಳ ಪ್ರತಿಗಳು ಆ ಮೇಜಿನ ಕಂಪ್ಯೂಟರಿನಲ್ಲೇ ಶೇಖರವಾಗುತ್ತವೆ. ಅದೇ ಯಂತ್ರದಲ್ಲಿ ಹುಡುಗರು ರಾತ್ರಿ ಪುಕ್ಕಟೆ ಸಿನಿಮಾ ಇಳಿಸಿಕೊಳ್ಳುತ್ತಾರೆ. ಅತಿಥಿಯ ಗುರುತುಪತ್ರ ಕಳುವಾದರೆ ಅವನಿಗೆ ತಿಳಿಯುವ ಹೊತ್ತಿಗೆ ಅವನು ತನ್ನ ದೇಶದಲ್ಲಿರುತ್ತಾನೆ; ನಮಗೆ ತಿಳಿಯುವುದೇ ಇಲ್ಲ.

ಇನ್ನು ನಂಬಿಕೆಯ ವಿಚಾರ. ಅರಸೀಕೆರೆ ಜಂಕ್ಷನ್ನಿನ ರಿಸರ್ವೇಶನ್ ಕೌಂಟರಿನ ಮುಂದೆ ನಿಂತಿರುವವರು ಒಂದು ಕ್ಷಣ ಯೋಚಿಸಲಿ: ಒಂದೇ ಬರ್ತನ್ನು ಇಬ್ಬರಿಗೆ ಕೊಡದೆ, ದೇಶದ ಎಲ್ಲ ಕೌಂಟರುಗಳಿಗೂ ಏಕಕಾಲದಲ್ಲಿ ಉತ್ತರ ಹೇಳುವ ಯಂತ್ರ ಯಾವುದರ ಮೇಲೆ ನಡೆಯಿತು? ವಿಂಡೋಸಲ್ಲ, ಲಿನಕ್ಸೂ ಅಲ್ಲ. ೧೯೮೫ರಲ್ಲಿ ದಿಲ್ಲಿಯಲ್ಲಿ ಆರಂಭವಾಗಿ, ೧೯೯೯ರ ಹೊತ್ತಿಗೆ ಎಲ್ಲ ಕೇಂದ್ರಗಳನ್ನೂ ಒಂದಾಗಿ ಹೆಣೆದ ಈ ಕಾಯ್ದಿರಿಸುವ ಏರ್ಪಾಡು ಬಹುಕಾಲ ನಡೆದದ್ದು ವಿಎಂಎಸ್ ಎಂಬ ವ್ಯವಸ್ಥೆಯ ಮೇಲೆ. ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪನಿ ೧೯೭೭ರಲ್ಲಿ ಅದನ್ನು ಹೊರತಂದಿತು. ಹಲವು ಯಂತ್ರಗಳು ಕೈಕೈ ಹಿಡಿದು ನಿಲ್ಲುವಂತೆ, ಒಂದು ಬಿದ್ದರೆ ಇನ್ನೊಂದು ಹೊರೆ ಹೊರುವಂತೆ ಅದನ್ನು ರಚಿಸಿದ್ದರು. ಇದರಲ್ಲಿ ಒಂದು ಸ್ವಾರಸ್ಯವಿದೆ. ವಿಎಂಎಸ್ ಕಟ್ಟಿದವರಲ್ಲಿ ಮುಖ್ಯನಾದ ಡೇವ್ ಕಟ್ಲರನೇ ಆಮೇಲೆ ಮೈಕ್ರೋಸಾಫ್ಟಿಗೆ ಹೋಗಿ ೧೯೯೩ರ ವಿಂಡೋಸ್ ಎನ್‌ಟಿಯನ್ನು ಕಟ್ಟಿದ. ೨೦೦೧ರ ಎಕ್ಸ್‌ಪಿಯಿಂದ ಈಚಿನ ವಿಂಡೋಸ್‌ಗಳೆಲ್ಲ ಆ ವಂಶದವು. ಆದ್ದರಿಂದ ವಿಂಡೋಸ್ ಎಂದರೆ ಹುಟ್ಟಿನಿಂದಲೇ ದುರ್ಬಲ, ಮೇಲಿಂದ ಮೇಲೆ ನೀಲಿ ಪರದೆ ತೋರಿಸಿ ಬೀಳುವುದು ಎಂಬ ಹಳೆಯ ತಮಾಷೆಗೆ ಈಗ ಅಷ್ಟು ಆಧಾರವಿಲ್ಲ. ಸರಿಯಾದ ಯಂತ್ರದಲ್ಲಿ, ಸರಿಯಾದ ಪ್ರತಿಯನ್ನು ಹಾಕಿಕೊಂಡರೆ ಅದೂ ತಿಂಗಳುಗಟ್ಟಲೆ ನಡೆಯುತ್ತದೆ.

ಆದರೂ ೨೦೨೪ರ ಜುಲೈ ೧೯ನ್ನು ಮರೆಯುವ ಹಾಗಿಲ್ಲ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಕಡತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಹಾಗಾಯಿತು. ತಪ್ಪಿದ ಕಡತವನ್ನು ಕಂಪನಿ ಒಂದೂವರೆ ಗಂಟೆಯೊಳಗೆ ಹಿಂದೆ ತೆಗೆದುಕೊಂಡಿತು. ಆದರೆ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಬಂದದ್ದು ವೈರಸ್ಸಲ್ಲ, ವೈರಸ್ಸಿಗೆ ಕೊಟ್ಟ ಔಷಧ. ಇದೂ ಒಂದೇ ಬೆಳೆಯ ಕಥೆಯೇ. ಇನ್ನೊಂದು ಕಡೆ, ಜಗತ್ತಿನ ಅತ್ಯಂತ ವೇಗದ ೫೦೦ ಕಂಪ್ಯೂಟರುಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಇರುವುದೆಲ್ಲವೂ ಲಿನಕ್ಸೇ.

ನಮ್ಮ ಕಡೆ 'ಸರ್ವರ್ ಡೌನ್' ಎಂಬುದು ಈಗ ಅಚ್ಚಗನ್ನಡದ ಮಾತಾಗಿದೆ. ಭೂಮಿ ಯೋಜನೆ ರಾಜ್ಯದ ೧೭೭ ತಾಲ್ಲೂಕುಗಳಿಗೂ ಬಂದು ಕೈಬರಹದ ಪಹಣಿ ಹೋದ ಮೇಲೆ, ಜಾವಗಲ್ಲಿನಿಂದಲೋ ಗಂಡಸಿಯಿಂದಲೋ ಅರಸೀಕೆರೆಗೆ ಪಹಣಿಗೆಂದು ಬಂದ ರೈತ ಈ ಎರಡು ಪದಗಳನ್ನು ಕೇಳಿ ಹಿಂದಿರುಗಿದ್ದುಂಟು. ಇದನ್ನು ಮೇಜಿನ ಮೇಲಿನ ವ್ಯವಸ್ಥೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ತಂತಿ ತುಂಡಾಗಿರಬಹುದು, ದೂರದ ಯಂತ್ರದ ಮೇಲೆ ಹೊರೆ ಹೆಚ್ಚಿರಬಹುದು. ಹಾಗೆಯೇ ಕರೆಂಟು ಹೋಗಿ ಬಂದು ಕಡತ ಕೆಟ್ಟರೆ, ಎರಡು ವ್ಯವಸ್ಥೆಗಳೂ ತಮ್ಮ ಕಡತಪಟ್ಟಿಯನ್ನು ಸರಿಪಡಿಸಿಕೊಳ್ಳಬಲ್ಲವು. ಬರೆಯುತ್ತಿದ್ದಾಗಲೇ ಹೋದ ಲೆಕ್ಕವನ್ನು ಯಾವುದೂ ತಂದುಕೊಡಲಾರದು. ವ್ಯವಸ್ಥೆ ಯಾವುದೆಂದು ಜಗಳವಾಡುವ ಮೊದಲು ಒಂದು ಯುಪಿಎಸ್ ಕೊಳ್ಳುವುದು ಲೇಸು.

ಖರ್ಚಿನ ಲೆಕ್ಕ ಮೇಲೆ ನೋಡುವಷ್ಟು ಸರಳವಲ್ಲ. ವಿಂಡೋಸನ್ನು ಬಿಡಿಯಾಗಿ ಕೊಂಡರೆ ಸುಮಾರು ಹತ್ತು ಸಾವಿರ ರೂಪಾಯಿ. ಲಿನಕ್ಸಿಗೆ ಏನೂ ಇಲ್ಲ. ಉಬುಂಟು, ಮಿಂಟ್ ಮೊದಲಾದ ಹೆಸರುಗಳಲ್ಲಿ ಬರುವುದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನೆರೆಯವರಿಗೂ ಕೊಡಬಹುದು. ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳಿಗೆ ಐದು ವರ್ಷ ತೇಪೆ ಉಚಿತ. ವಿಂಡೋಸ್ ಬಳಸುವವರಲ್ಲಿ ಅನೇಕರು ವರ್ಷವರ್ಷವೂ ಆಂಟಿವೈರಸ್ಸಿಗೆ ದುಡ್ಡು ಕಟ್ಟುತ್ತಾರೆ. ವಿಂಡೋಸಿನೊಳಗೇ ಬರುವ ಡಿಫೆಂಡರ್ ಸಣ್ಣ ಅಂಗಡಿಗೆ ಸಾಕೆಂದು ನನ್ನ ಅಭಿಪ್ರಾಯ. ಆದರೆ ನಿಜವಾಗಿ ನೋಡಿದರೆ, ಬಿಡಿಭಾಗ ಜೋಡಿಸಿ ಕೊಡುವ ಯಂತ್ರಗಳಲ್ಲಿ ಎಷ್ಟೋ ಜನ ವಿಂಡೋಸಿಗೆ ದುಡ್ಡನ್ನೇ ಕೊಟ್ಟಿಲ್ಲ. ಬೀಗ ಒಡೆದ ಪ್ರತಿಯನ್ನು ಹಾಕಿಸಿಕೊಂಡಿರುತ್ತಾರೆ. ಬೀಗ ಒಡೆಯುವ ಆ ಉಪಕರಣವೇ ಅನೇಕ ವೇಳೆ ವೈರಸ್ಸನ್ನು ಜೊತೆಗೆ ತರುತ್ತದೆ. ಕಾಯಿದೆಯ ಮಾತು ಹಾಗಿರಲಿ. ಕಳ್ಳನ ಕೈಯಲ್ಲಿ ಬೀಗ ಮಾಡಿಸಿಕೊಂಡು ನಿಶ್ಚಿಂತೆಯಿಂದ ಮಲಗುವುದು ಯಾವ ಬುದ್ಧಿವಂತಿಕೆ?

ಪುಕ್ಕಟೆಯಾದದ್ದನ್ನು ಕಲಿಯುವುದಕ್ಕೂ ಖರ್ಚುಂಟು. ಲಿನಕ್ಸ್ ಬಲ್ಲ ರಿಪೇರಿಯವರು ಬೆಂಗಳೂರಿನಲ್ಲಿ ಹೇರಳವಾಗಿ ಸಿಗಬಹುದು, ಬೇಲೂರಿನಲ್ಲಿ ಹುಡುಕಬೇಕು. ಈ ಕೊರತೆಯನ್ನು ನೀಗುವುದು ಹೇಗೆಂಬುದಕ್ಕೆ ನಮ್ಮ ಗಡಿಯಾಚೆಯ ಕನ್ನಡಿಗರೇ ಉದಾಹರಣೆ. ಕೇರಳ ಸರಕಾರ ೨೦೦೧ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣದ ಯೋಜನೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ಲಿನಕ್ಸಿಗೆ ಬದಲಾಯಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರ ಮೇಲೆಯೇ, ಕನ್ನಡದ ಪಠ್ಯಪುಸ್ತಕದಿಂದಲೇ. ಈಗ ಕೈಟ್ ಎಂಬ ಹೆಸರಿನಿಂದಿರುವ ಆ ಸಂಸ್ಥೆ, ಎರಡು ಲಕ್ಷ ಕಂಪ್ಯೂಟರುಗಳಲ್ಲಿ ಹೀಗೆ ಮಾಡಿದ್ದರಿಂದ ಮೂರು ಸಾವಿರ ಕೋಟಿ ರೂಪಾಯಿ ಉಳಿಯಿತೆಂದು ೨೦೧೯ರಲ್ಲಿ ಲೆಕ್ಕ ಕೊಟ್ಟಿತು. ತಮ್ಮ ಯೋಜನೆಯ ಲೆಕ್ಕವನ್ನು ತಾವೇ ಹಾಕಿದಾಗ ಕೈ ಸ್ವಲ್ಪ ಧಾರಾಳವಾಗುವುದು ಸಹಜ. ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಅದು ಸಣ್ಣ ಮೊತ್ತವಲ್ಲ. ಅದಕ್ಕಿಂತ ಮುಖ್ಯವಾಗಿ ಅವರು ಮೇಷ್ಟರುಗಳನ್ನು ತಯಾರು ಮಾಡಿದರು; ಯಂತ್ರ ಕೆಟ್ಟರೆ ಶಾಲೆಯಲ್ಲೇ ಯಾರಾದರೊಬ್ಬರು ನೋಡಬಲ್ಲವರಿರುವಂತೆ ಮಾಡಿದರು.

ಅಗ್ಗದ್ದೆಂಬ ಒಂದೇ ಕಾರಣಕ್ಕೆ ಪದಾರ್ಥ ನಿಲ್ಲುವುದಿಲ್ಲ ಎಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರೂ ಎಂಜಿನಿಯರುಗಳೂ ಸೇರಿ ರಚಿಸಿದ 'ಸಿಂಪ್ಯೂಟರ್' ಎಂಬ ಕೈಯಂತ್ರ ಲಿನಕ್ಸಿನ ಮೇಲೆ ನಡೆಯುತ್ತಿತ್ತು, ಓದು ಬಾರದವರಿಗೂ ಉಪಯೋಗವಾಗಲೆಂಬ ಉದ್ದೇಶವಿತ್ತು. ೨೦೦೪ರಲ್ಲಿ ಪೇಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕಾಲಕ್ಕಿಂತ ಸ್ವಲ್ಪ ಮೊದಲೇ ಹುಟ್ಟಿತು, ಪಾಪ.

ನಮ್ಮ ಊರುಗಳಲ್ಲಿ ಲಿನಕ್ಸಿಗೆ ಅಡ್ಡ ನಿಲ್ಲುವುದು ವೈರಸ್ಸೂ ಅಲ್ಲ, ಬೆಲೆಯೂ ಅಲ್ಲ. ಎರಡು ಹಳೆಯ ನೆಂಟಸ್ತಿಕೆಗಳು. ಒಂದು ಟ್ಯಾಲಿ. ಮಂಡಿಯ ಲೆಕ್ಕ, ಜಿಎಸ್‌ಟಿ, ಆಡಿಟರ ಮನೆಗೆ ಹೋಗುವ ಕಡತ ಎಲ್ಲವೂ ಟ್ಯಾಲಿಯಲ್ಲಿ. ಅದು ಬೆಂಗಳೂರಿನದೇ ಕಂಪನಿ, ಆದರೆ ಅದರ ಕಾರ್ಯಕ್ರಮ ವಿಂಡೋಸಿಗಾಗಿ ರಚಿತವಾದದ್ದು. ಅದನ್ನು ಲಿನಕ್ಸಿನಲ್ಲಿ ಉಪಾಯದಿಂದ ನಡೆಸುವವರಿದ್ದಾರೆ. ಮಾರ್ಚಿ ಕೊನೆಯ ವಾರದಲ್ಲಿ ಅಂಥ ಉಪಾಯವನ್ನು ನಂಬಿ ಕೂರಲು ನಾನು ಯಾವ ವ್ಯಾಪಾರಿಗೂ ಹೇಳಲಾರೆ.

ಇನ್ನೊಂದು ನೆಂಟಸ್ತಿಕೆ ನಮ್ಮ ನುಡಿಯದೇ. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿ ವಾಸು ಅವರ 'ಬರಹ' ಇವು ಕಂಪ್ಯೂಟರಿನಲ್ಲಿ ಕನ್ನಡವನ್ನು ಮನೆಮನೆಗೆ ತಂದುವು. ಇವೂ ವಿಂಡೋಸಿನವು. ಹಳೆಯ ದಿನಗಳಲ್ಲಿ ಇವುಗಳಲ್ಲಿ ಬರೆದ ಪತ್ರಗಳು ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿಲ್ಲ. ಆ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ. ಇಪ್ಪತ್ತು ವರ್ಷದ ಸೊಸೈಟಿ ನಡವಳಿಗಳೋ ದೇವಸ್ಥಾನದ ಆಹ್ವಾನಪತ್ರಿಕೆಗಳೋ ಹಾಗಿದ್ದರೆ ಗಾಬರಿಯಾಗುವುದು ಸಹಜ. ಅವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಮುಗ್ಗರಿಸುತ್ತವೆಯಾದ್ದರಿಂದ ಒಮ್ಮೆ ಓದಿ ತಿದ್ದಬೇಕು. ಈ ಕೆಲಸವನ್ನು ವಿಂಡೋಸಿನಲ್ಲಿಯೇ ಉಳಿಯುವವರೂ ಮಾಡಿಕೊಳ್ಳತಕ್ಕದ್ದು. ಹೊಸದಾಗಿ ಬರೆಯುವುದಕ್ಕಾದರೆ ಲಿನಕ್ಸಿನಲ್ಲಿ ತೊಂದರೆಯಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ.ಪಿ. ರಾಯರು, ರೂಪಿಸಿದ ಕೀಲಿವಿನ್ಯಾಸವೇ 'ಕಗಪ' ಎಂಬ ಹೆಸರಿನಲ್ಲಿ ಅಲ್ಲಿಯೂ ಸೇರಿಕೊಂಡಿದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಹಾಗಾದರೆ ಯಾರು ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಟ್ಯಾಲಿಯನ್ನು ಬಿಡಲಾರದ ಮಂಡಿಯವರು ವಿಂಡೋಸ್ ೧೧ ಇರುವ ಒಂದು ಯಂತ್ರವನ್ನು, ಹಣ ಕೊಟ್ಟ ಪ್ರತಿಯೊಡನೆ, ಲೆಕ್ಕಕ್ಕೆಂದೇ ಇಟ್ಟುಕೊಳ್ಳಲಿ. ಅದರಲ್ಲಿ ಸಿನಿಮಾ ಬೇಡ, ಬಂದವರ ಪೆನ್ ಡ್ರೈವ್ ಬೇಡ. ತಕ್ಷಣ ಕೊಳ್ಳಲಾಗದವರಿಗೆಂದು ಮೈಕ್ರೋಸಾಫ್ಟ್ ೨೦೨೬ರ ಅಕ್ಟೋಬರ್ ೧೩ರವರೆಗೆ ವಿಂಡೋಸ್ ೧೦ಕ್ಕೆ ಹೆಚ್ಚಿನ ತೇಪೆಗಳ ಏರ್ಪಾಡೊಂದನ್ನು ಪ್ರಕಟಿಸಿತು. ಆದರೆ ಅದಕ್ಕೆ ನಾವಾಗಿ ಹೆಸರು ನೋಂದಾಯಿಸಬೇಕು. ಹಳೆಯ ಯಂತ್ರವನ್ನು ಗುಜರಿಗೆ ಹಾಕದೆ ಲಿನಕ್ಸ್ ಹಾಕಿ ಮಕ್ಕಳ ಓದಿಗೆ, ಪತ್ರ ವ್ಯವಹಾರಕ್ಕೆ ಕೊಡಬಹುದು. ಜೆರಾಕ್ಸ್ ಅಂಗಡಿಯವರೂ, ಕೇವಲ ಇಂಟರ್ನೆಟ್ಟಿನಲ್ಲಿ ನಮೂನೆ ತುಂಬುವ ವಸತಿಗೃಹದವರೂ, ಶಾಲೆಗಳೂ ಲಿನಕ್ಸಿಗೆ ಹೋಗುವುದೇ ಒಳ್ಳೆಯದು. ಪೇಜ್‌ಮೇಕರ್, ಕೋರೆಲ್ ಡ್ರಾಗಳಲ್ಲಿ ಕರೆಯೋಲೆ ಮಾಡುವ ಡಿಟಿಪಿಯವರ ಸಂಗತಿ ಬೇರೆ. ಅವರ ಅನ್ನವೇ ಆ ಕಾರ್ಯಕ್ರಮಗಳಲ್ಲಿದೆ.

ಬದಲಾಯಿಸುವ ಮೊದಲು ಹಾಕಿ ನೋಡುವುದಕ್ಕೂ ದಾರಿಯಿದೆ. ಲಿನಕ್ಸನ್ನು ಎಂಟು ಜಿಬಿಯ ಪೆನ್ ಡ್ರೈವಿಗೆ ಬರೆದು, ಅ���ರಿಂದಲೇ ಯಂತ್ರವನ್ನು ಹೊತ್ತಿಸಬಹುದು. ಒಳಗಿನ ವಿಂಡೋಸನ್ನು ಮುಟ್ಟುವುದಿಲ್ಲ. ಹಾಗೆ ಒಂದು ಭಾನುವಾರ ಕುಳಿತು ಪ್ರಿಂಟರ್ ಅಚ್ಚು ಹಾಕುತ್ತದೆಯೆ, ಸ್ಕ್ಯಾನರ್ ಓದುತ್ತದೆಯೆ, ವೈಫೈ ಹಿಡಿಯುತ್ತದೆಯೆ, ಕಗಪ ಕೀಲಿಯಲ್ಲಿ ನಿಮ್ಮ ಅಂಗಡಿಯ ಹೆಸರು ಸರಿಯಾಗಿ ಮೂಡುತ್ತದೆಯೆ ನೋಡಿಕೊಳ್ಳಿ. ಜಿಎಸ್‌ಟಿಗೆ ಸಹಿ ಹಾಕುವ ಡಿಜಿಟಲ್ ಸಹಿಯ ಟೋಕನ್ ಇದ್ದವರು ಅದನ್ನು ತಪ್ಪದೆ ಪರೀಕ್ಷಿಸಬೇಕು. ಕೆಲವಕ್ಕೆ ಲಿನಕ್ಸಿನ ಚಾಲಕ ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ. ಎಲ್ಲವೂ ಸರಿಯಿದ್ದರೆ ಮೊದಲು ಇರುವ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಟ್ಟು, ಆಮೇಲೆ ಹೊಸ ವ್ಯವಸ್ಥೆಯನ್ನು ಹಾಕಿಸಿ. ಕಳಚುವುದನ್ನು ಮಾತ್ರ ಮರೆಯಬೇಡಿ. ಕಡತಗಳಿಗೆ ಬೀಗ ಹಾಕುವ ವೈರಸ್ಸುಗಳು ತಂತಿಯಲ್ಲಿ ಸೇರಿಕೊಂಡಿರುವ ಎರಡನೆಯ ಡಿಸ್ಕಿಗೂ ಬೀಗ ಹಾಕಿಬಿಡುತ್ತವೆ.